ಪದಚರ್ಚೆ: ‘ರೂಮಿನೇಷನ್’ಗೆ ‘ಮೆಲುಕು’ ಆದೀತೆ?

ಬಳಗದವರಿಗೆ ನಮಸ್ಕಾರ.

ಖಿನ್ನತೆ, ಆತಂಕಗಳ ಸಂಶೋಧನೆಯಲ್ಲಿ ಬಳಸುವ ಒಂದು ಪ್ರಶ್ನಾವಳಿ ಕನ್ನಡಕ್ಕೆ ಬರುತ್ತಿದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಸೂಸನ್ ನೋಲೆನ್ ಹೂಕ್ಸೆಮಾ ರೂಪಿಸಿದ್ದು. 22 ವಾಕ್ಯ, ಪ್ರತಿಯೊಂದಕ್ಕೂ 1ರಿಂದ 4 ಅಂಕ. ತನ್ನ ಸಂಕಟದ ಸುತ್ತಲೇ ಮನಸ್ಸು ಮತ್ತೆ ಮತ್ತೆ ತಿರುಗುವುದನ್ನು ಅವರು ‘ರೂಮಿನೇಷನ್’ ಎನ್ನುತ್ತಾರೆ. ಅದನ್ನು ಕರಡಿನಲ್ಲಿ ‘ಮೆಲುಕು’ ಎಂದಿದ್ದೇವೆ. ನಿಘಂಟಿನ ಪ್ರಕಾರ ಸರಿ, ಓದಿದರೆ ಮಾತ್ರ ಏನೋ ಒಗ್ಗುತ್ತಿಲ್ಲ. ‘ಚಿಂತೆ’ ಎನ್ನೋಣವೆಂದರೆ ಅದು ಆಗಲೇ ಇಂಗ್ಲಿಷಿನ ‘ವರಿ’ (worry) ಎಂಬ ಪದಕ್ಕೆ ಹೋಗಿದೆ. ಬಲ್ಲವರು ತಿಳಿಸಬೇಕು.

——

ನಮಸ್ಕಾರ. ನಿಮಗೆ ಒಗ್ಗದಿರುವುದು ಸರಿಯಾಗಿಯೇ ಇದೆ. ‘ಮೆಲುಕು’ ಬೇಡ.

ಇಂಗ್ಲಿಷಿನ ಪದವೂ ಹುಟ್ಟಿದ್ದು ಹಸು ಮೆಲುಕು ಹಾಕುವುದರಿಂದಲೇ. ಆದರೆ ಎರಡು ಭಾಷೆಗಳಲ್ಲಿ ಆ ಹಸು ಎರಡು ದಾರಿ ಹಿಡಿದಿದೆ. ಹಳೆಯ ವಿದ್ಯಾರ್ಥಿಗಳ ಗುರುವಂದನೆಯ ವರದಿ ನೋಡಿ: ‘ಶಾಲಾ ದಿನಗಳ ನೆನಪನ್ನು ಮೆಲುಕು ಹಾಕಿದರು.’ ಕನ್ನಡದ ಮೆಲುಕಿನಲ್ಲಿ ಸವಿಯಿದೆ, ಬಿಡುವಿದೆ, ಬೇಕೆಂದೇ ಮಾಡುವ ಸುಖವಿದೆ. ‘ನನ್ನ ಸೋಲನ್ನು ಮೆಲುಕು ಹಾಕುತ್ತಿರುತ್ತೇನೆ’ ಎಂಬ ವಾಕ್ಯ ಕೊಟ್ಟರೆ ಓದುವವರು ಒಂದು ಕ್ಷಣ ತಡೆದು, ತಮಗೆ ತೋಚಿದ ಅರ್ಥ ಹಚ್ಚಿಕೊಂಡು ಗುರುತು ಹಾಕುತ್ತಾರೆ.

ಮರು ಅನುವಾದ ಮಾಡಿಸಿದರೂ ಈ ತಪ್ಪು ಸಿಗುವುದಿಲ್ಲ ಎಂಬುದನ್ನು ಗಮನಿಸಿ. ಕನ್ನಡದಿಂದ ಮತ್ತೆ ಇಂಗ್ಲಿಷಿಗೆ ತರುವವರು ಎರಡೂ ಭಾಷೆ ಚೆನ್ನಾಗಿ ಬಲ್ಲವರು. ‘ಮೆಲುಕು’ ಕಂಡ ಕೂಡಲೇ ‘ರೂಮಿನೇಟ್’ ಎಂದು ಬರೆದುಕೊಡುತ್ತಾರೆ. ಎರಡೂ ಪ್ರತಿ ತಾಳೆಯಾಗುತ್ತವೆ, ತಪ್ಪು ಒಳಗೇ ಉಳಿಯುತ್ತದೆ. ಅದು ಸಿಕ್ಕಿಬೀಳುವುದು ಇಂಗ್ಲಿಷ್ ಬಾರದ ಕೆಲವರನ್ನು ಕೂರಿಸಿಕೊಂಡು, ಒಂದೊಂದು ವಾಕ್ಯ ಓದಿಸಿ, ‘ಇದನ್ನು ನಿಮ್ಮ ಮಾತಿನಲ್ಲಿ ಹೇಳಿ, ಒಂದು ಉದಾಹರಣೆ ಕೊಡಿ’ ಎಂದು ಕೇಳಿದಾಗ. ಈ ಹಂತ ಬಿಡಬೇಡಿ.

ಇನ್ನು ಪರಿಕಲ್ಪನೆ. ರೂಮಿನೇಷನ್ ಎಂದರೆ ತನ್ನ ಸಂಕಟ, ಅದರ ಕಾರಣ, ಅದರ ಪರಿಣಾಮ, ಇವುಗಳ ಸುತ್ತಲೇ ಮನಸ್ಸು ಮತ್ತೆ ಮತ್ತೆ ತಿರುಗುವುದು, ಪರಿಹಾರದ ಕಡೆಗೆ ಹೆಜ್ಜೆ ಇಡದಿರುವುದು. ಚಿಂತೆ ಬಹುಪಾಲು ಮುಂದಾಗಬಹುದಾದದ್ದರ ಬಗ್ಗೆ: ‘ಅಜ್ಜಿಗೆ ಅರಿವೆ ಚಿಂತೆ.’ ರೂಮಿನೇಷನ್ ಆಗಿಹೋದದ್ದರ, ಈಗ ಅನುಭವಿಸುತ್ತಿರುವುದರ ಬಗ್ಗೆ. ಹಾಗಾಗಿ ‘ಚಿಂತೆ’ಯನ್ನು ‘ವರಿ’ಗೇ ಬಿಟ್ಟದ್ದು ಒಳ್ಳೆಯದಾಯಿತು.

ಉಳಿದ ಪದಗಳಲ್ಲಿ ‘ಹಲುಬು’ ಬಾಯಿಂದ ಹೊರಬರುವಂಥದ್ದು, ಇದು ಒಳಗೇ ನಡೆಯುವಂಥದ್ದು. ‘ಹಳಹಳಿಕೆ’ ಹತ್ತಿರ ಬರುತ್ತದೆ, ಆದರೆ ವಿಮರ್ಶಕರ ಕೈಯಲ್ಲಿ ಅದು ಕಳೆದ ಕಾಲದ ಹಂಬಲವಾಗಿಬಿಟ್ಟಿದೆ. ‘ಅದೇ ವಿಷಯ ತಲೆ ಕೊರೆಯುತ್ತಿದೆ’ ಜನ ನಿಜಕ್ಕೂ ಆಡುವ ಮಾತು. ಅದರಲ್ಲಿ ಎರಡು ತೊಡಕು: ‘ಕೊರೀಬೇಡ’ ಎಂದರೆ ಬೋರ್ ಹೊಡೆಸಬೇಡ ಎಂದೂ ಆಗುತ್ತದೆ. ಅದಕ್ಕಿಂತ ದೊಡ್ಡದು, ಬೇಡವೆಂದರೂ ನುಗ್ಗಿ ಬರುವ ಯೋಚನೆ ಎಂಬ ಧ್ವನಿ ಬಂದು ಅರ್ಥ ಗೀಳಿನ ಕಡೆ ವಾಲುತ್ತದೆ. ಇಲ್ಲಿ ವ್ಯಕ್ತಿಗೆ ಎಷ್ಟೋ ಸಲ ತಾನು ಕಾರಣ ಹುಡುಕುತ್ತಿದ್ದೇನೆ, ಇದರಿಂದ ಉಪಯೋಗವಿದೆ ಎಂದೇ ಅನ್ನಿಸಿರುತ್ತದೆ.

‘ಒಳಗೊಳಗೇ ಕೊರಗುವುದು’ ಎಲ್ಲಕ್ಕಿಂತ ಹತ್ತಿರ. ಆದರೆ ಇಡೀ ಪ್ರಶ್ನಾವಳಿಗೆ ಅದನ್ನು ಖರ್ಚು ಮಾಡಬೇಡಿ. 2003ರಲ್ಲಿ ಟ್ರೇನರ್, ಗೊನ್ಜಾಲೆಜ್, ನೋಲೆನ್ ಹೂಕ್ಸೆಮಾ ಸೇರಿ ಈ 22ರಲ್ಲಿ ಖಿನ್ನತೆಯ ಲಕ್ಷಣಗಳನ್ನೇ ಕೇಳುವಂತಿದ್ದ 12 ವಾಕ್ಯಗಳನ್ನು ಬದಿಗಿಟ್ಟು, ಉಳಿದ 10ನ್ನು ಐದೈದಾಗಿ ಒಡೆದರು. ಒಂದು ಗುಂಪು ‘ಬ್ರೂಡಿಂಗ್’, ಎಂದರೆ ಸಂಕಟವನ್ನೇ ನೆನೆದು ಒಳಗೊಳಗೇ ಕೊರಗುವುದು; ಇನ್ನೊಂದು ‘ರಿಫ್ಲೆಕ್ಷನ್’, ಎಂದರೆ ಅರ್ಥ ಮಾಡಿಕೊಳ್ಳಲೆಂದು ತನ್ನೊಳಗೆ ನೋಡಿಕೊಳ್ಳುವುದು. ಕಾಲ ಕಳೆದಂತೆ ಮೊದಲನೆಯದು ಹೆಚ್ಚು ಖಿನ್ನತೆಯ ಜೊತೆ, ಎರಡನೆಯದು ಕಡಿಮೆ ಖಿನ್ನತೆಯ ಜೊತೆ ಕಾಣಿಸಿಕೊಂಡಿತು. ಇಡೀ ಪಟ್ಟಿಗೇ ‘ಕೊರಗು’ ಎಂದಿಟ್ಟರೆ ಬ್ರೂಡಿಂಗಿಗೆ ಪದವೇ ಉಳಿಯುವುದಿಲ್ಲ. ನನ್ನ ಸಲಹೆ: ಒಟ್ಟಾರೆಗೆ ‘ಅದದೇ ಯೋಚನೆ’, ಬ್ರೂಡಿಂಗಿಗೆ ‘ಕೊರಗು’, ರಿಫ್ಲೆಕ್ಷನ್ನಿಗೆ ‘ಅವಲೋಕನ’. ‘ಚಿಂತನ’ ಬೇಡ, ಅದರಲ್ಲಿ ಉಪದೇಶದ ದನಿ ಇದೆ, ಮೇಲಾಗಿ ‘ಚಿಂತೆ’ಯ ಪಕ್ಕದಲ್ಲಿ ಅಚ್ಚಾದರೆ ಕಣ್ಣು ತಪ್ಪುತ್ತದೆ.

‘ಕೊರಗು’ ಎಂದರೆ ಯಾವುದೋ ನೋವು ಆಗಲೇ ಆಗಿದೆ ಎಂಬ ಅರ್ಥವೂ ಸೇರಿಕೊಳ್ಳುತ್ತದೆ. ಪ್ರಶ್ನಾವಳಿ ಅಳೆಯುವುದು ದುಃಖವನ್ನಲ್ಲ, ಅಭ್ಯಾಸವನ್ನು. ಇದಕ್ಕೊಂದು ಅಧ್ಯಯನ ನೋಡಿ. 1989ರ ಅಕ್ಟೋಬರ್ 17ರಂದು ಕ್ಯಾಲಿಫೋರ್ನಿಯಾದಲ್ಲಿ ಲೋಮಾ ಪ್ರಿಯೆಟಾ ಭೂಕಂಪ ಆಯಿತು. ಅದಕ್ಕೆ 14 ದಿನ ಮೊದಲು ನೋಲೆನ್ ಹೂಕ್ಸೆಮಾ ಮತ್ತು ಜೊತೆಗಾರರು ಸ್ಟ್ಯಾನ್‌ಫರ್ಡ್‌ನ 137 ವಿದ್ಯಾರ್ಥಿಗಳ ಮನಃಸ್ಥಿತಿ ಮತ್ತು ಈ ಅಭ್ಯಾಸವನ್ನು ಅಳೆದಿಟ್ಟಿದ್ದರು. ಭೂಕಂಪದ 10 ದಿನಗಳ ನಂತರವೂ, 7 ವಾರಗಳ ನಂತರವೂ ಮತ್ತೆ ಅಳೆದರು. ಮೊದಲೇ ಈ ಅಭ್ಯಾಸ ಹೆಚ್ಚಿದ್ದವರಲ್ಲಿ, ಆಗಿನ ಖಿನ್ನತೆಯನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಖಿನ್ನತೆಯ ಲಕ್ಷಣ ಹೆಚ್ಚಿತ್ತು. ಅಭ್ಯಾಸ ಎಂಬುದು ವಾಕ್ಯದ ಕ್ರಿಯಾಪದದಲ್ಲೇ ಕಾಣಬೇಕು.

ಕನ್ನಡ ಕೈಕೊಡುವುದು ಅಲ್ಲೇ. ‘ದುಃಖವಾದಾಗ ಏನು ಮಾಡುತ್ತೀರಿ?’ ಎಂದರೆ ರೂಢಿಯೂ ಆಯಿತು, ಭವಿಷ್ಯವೂ ಆಯಿತು. ಭವಿಷ್ಯ ಎಂದುಕೊಂಡವರು ಮಾಡಬೇಕಾದ್ದನ್ನು ಹೇಳುತ್ತಾರೆ: ‘ದೇವರ ನಾಮ ಹೇಳ್ತೀನಿ.’ ‘ಸಾಮಾನ್ಯವಾಗಿ ಏನು ಮಾಡುತ್ತಿರುತ್ತೀರಿ?’ ಎಂದು ಬರೆಯಿರಿ. ‘ಬೇಜಾರಾದಾಗ’ ಎಂದಂತೂ ಬರೆಯಬೇಡಿ. ಅದು ಹೊತ್ತು ಹೋಗದಿರುವುದೂ ಹೌದು, ಮುನಿಸೂ ಹೌದು.

ಬ್ರೂಡಿಂಗ್ ಗುಂಪಿನಲ್ಲಿ ‘ನನಗೆ ಹೀಗಾಗಲು ನಾನೇನು ಮಾಡಿದೆ’ ಎಂಬರ್ಥದ ವಾಕ್ಯವಿದೆ. ‘ನಾನೇನು ಪಾಪ ಮಾಡಿದ್ದೆ’ ಎಂದು ಕನ್ನಡಿಸುವ ಆಸೆಯಾಗುತ್ತದೆ, ಅಷ್ಟು ಸಹಜವಾಗಿದೆ. ಆದರೆ ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿದರೂ ನಮ್ಮಲ್ಲಿ ಇದೇ ಮಾತು ಬಾಯಿಗೆ ಬರುತ್ತದೆ. ಅಂಕ ಏರುವುದು ಕೊರಗಿನಿಂದಲ್ಲ, ನುಡಿಗಟ್ಟಿನಿಂದ. ‘ಎಂದು ಮನಸ್ಸಿನಲ್ಲೇ ಮತ್ತೆ ಮತ್ತೆ ಕೇಳಿಕೊಳ್ಳುತ್ತಿರುತ್ತೇನೆ’ ಎಂದು ಬಿಡಿಸಿ ಬರೆಯಿರಿ.

ಉತ್ತರದ ನಾಲ್ಕು ಮನೆಗಳಲ್ಲಿ ‘ಕೆಲವೊಮ್ಮೆ’ ಮತ್ತು ‘ಆಗಾಗ’ ಅಕ್ಕಪಕ್ಕ ಬಂದರೆ ಯಾವುದು ಹೆಚ್ಚೆಂದು ತಿಳಿಯದೆ 2 ಮತ್ತು 3 ಕಲಸಿಹೋಗುತ್ತವೆ. ಮೂರನೆಯದಕ್ಕೆ ‘ಬಹಳ ಸಲ’ ಹಾಕಿ.

ಕೊನೆಗೆ ಪ್ರದೇಶದ ಮಾತು. ಮೈಸೂರು ಕಡೆಯ ‘ಯೋಚನೆ’ಗೆ ಧಾರವಾಡದಲ್ಲಿ ‘ವಿಚಾರ’ ಎನ್ನುತ್ತಾರೆ: ‘ಅದ ವಿಚಾರ ಭಾಳ ಮಾಡ್ತಾನ.’ ಮಂಗಳೂರು ಕಡೆ ‘ಆಲೋಚನೆ’. ವಾಕ್ಯಗಳಲ್ಲಿ ‘ಯೋಚನೆ/ವಿಚಾರ’ ಎಂದು ಎರಡನ್ನೂ ಅಚ್ಚು ಹಾಕುವುದು ವಾಸಿ. ಬೀದರ್, ಕಲಬುರಗಿ ಕಡೆಯವರು ಬಳಗದಲ್ಲಿದ್ದರೆ, ಒಬ್ಬರೇ ಕೂತು ಅದನ್ನೇ ನೆನೆದು ನೆನೆದು ಸೊರಗುವುದಕ್ಕೆ ನಿಮ್ಮ ಮನೆಮಾತಿನಲ್ಲಿ ಏನೆನ್ನುತ್ತೀರಿ? ದಯವಿಟ್ಟು ಒಂದೊಂದು ಪೂರ್ಣ ವಾಕ್ಯವಾಗಿಯೇ ಬರೆಯಿರಿ.