ಸಮುದ್ರದ ಬದಿಯ ಕಾರು ಶೆಡ್ಡಿನ ಕಬ್ಬಿಣಕ್ಕೆ ಯಾವ ಪೇಂಟ್?

ಕೋಡಿಬಾಗ ನಿವಾಸಿ:
ಕಾಳಿ ನದಿ ಸಮುದ್ರ ಸೇರುವಲ್ಲಿಗೆ ನಮ್ಮ ಮನೆ ಹತ್ತಿರ. ಗಾಳಿ ಬೀಸಿದರೆ ಕಿಟಕಿಯ ಸರಳೂ ಜಿಗುಟಾಗುತ್ತದೆ. ಕಳೆದ ಬೇಸಿಗೆಯಲ್ಲಿ ಕಾರಿಗೆಂದು ಶೆಡ್ಡು ಹಾಕಿಸಿದೆ: 200 ಮಿಲಿಮೀಟರ್‌ನ ಐ-ಸೆಕ್ಷನ್ ಕಂಬ ನಾಲ್ಕು, ಅಡ್ಡ ಬೀಮು ಎರಡು, ಮೇಲೆ ಚೌಕ ಪೈಪು, ತಗಡು. ವೆಲ್ಡಿಂಗ್‌ನವರು ಲಾರಿಯಿಂದ ಇಳಿಸಿದ ಕಬ್ಬಿಣಕ್ಕೆ ಹಾಗೆಯೇ ಒಂದು ಕೈ ರೆಡ್ ಆಕ್ಸೈಡ್ ಬಳಿದು ಹೋದರು. ಒಂದೇ ಮಳೆಗಾಲಕ್ಕೆ ಕಂಬದ ಅಂಚುಗಳುದ್ದಕ್ಕೂ ತುಕ್ಕಿನ ಗೆರೆ ಮೂಡಿದೆ, ಬೆಸುಗೆಯ ಹತ್ತಿರ ಗುಳ್ಳೆ ಎದ್ದಿದೆ. ಉಗುರಿನಿಂದ ಕೆರೆದರೆ ಪೇಂಟ್ ಚಕ್ಕೆಯಾಗಿ ಏಳುತ್ತದೆ. ಚಕ್ಕೆಯ ಬೆನ್ನಿಗೆ ನೀಲಿಗಪ್ಪು ಪದರವೊಂದು ಅಂಟಿಕೊಂಡು ಬರುತ್ತದೆ.

ವೆಲ್ಡರ್ ಹೇಳುವುದು ಮತ್ತೆ ರೆಡ್ ಆಕ್ಸೈಡ್, ಮೇಲೆ ಎನಾಮೆಲ್. ಪೇಂಟ್ ಅಂಗಡಿಯವರು ದುಬಾರಿಯ ಝಿಂಕ್ ರಿಚ್ ಪ್ರೈಮರ್ ತೋರಿಸುತ್ತಾರೆ. ನಮ್ಮ ಭಾವನವರದು ಗ್ಯಾರೇಜಿನ ಕರಿ ಆಯಿಲ್. ಯಾರ ಮಾತು ಕೇಳಲಿ? ಗಾಳಿಯ ಒತ್ತಡದಲ್ಲಿ ಮರಳು ಸಿಡಿಸಿ ತುಕ್ಕು ತೆಗೆಯುವ ಸ್ಯಾಂಡ್ ಬ್ಲಾಸ್ಟಿಂಗ್ ಆಗದ ಮಾತು, ಪಕ್ಕದ ಮನೆಯವರ ಬಟ್ಟೆ ಒಣಗುವ ತಂತಿ ಗೋಡೆಗೆ ತಾಗಿಯೇ ಇದೆ.

ಅಂಕೋಲೆಯವರು:
ನಮ್ಮದೂ ಇದೇ ಕಥೆ. ಎರಡು ವರ್ಷಕ್ಕೊಮ್ಮೆ ಕೆರೆದು ರೆಡ್ ಆಕ್ಸೈಡ್ ಹೊಡೆಸುತ್ತೇವೆ. ಕರಾವಳಿಯಲ್ಲಿ ಕಬ್ಬಿಣ ಎಂದರೆ ಅಷ್ಟೇ ಸರ್.

ಬೈತಖೋಲ್ ಹಳಬ:
ಅಷ್ಟೇ ಅಲ್ಲ ಸರ್. ಬಂದರಿನಲ್ಲಿ ದೋಣಿ, ಕ್ರೇನುಗಳಿಗೆ ಪೇಂಟ್ ಮಾಡಿಸುತ್ತಲೇ ನನ್ನ ಕೂದಲು ಬೆಳ್ಳಗಾಗಿದೆ. ಡಬ್ಬಿಯ ಮೇಲಿನ ಹೆಸರಿಗಿಂತ ಅದರ ಅಡಿಯಲ್ಲಿ ಏನು ಉಳಿದಿದೆ ಎಂಬುದನ್ನು ಮೊದಲು ನೋಡಿ.

ಆ ನೀಲಿಗಪ್ಪು ಪದರ ಮಿಲ್ ಸ್ಕೇಲ್. ಕಾರ್ಖಾನೆಯಲ್ಲಿ ಕೆಂಪಗೆ ಕಾದ ಉಕ್ಕನ್ನು ಉರುಳೆಗಳ ನಡುವೆ ಎಳೆದು ಆರಿಸುವಾಗ ಹುಟ್ಟುವಂಥದ್ದು. ಗಟ್ಟಿಯಾಗಿ ಕಂಡರೂ ಬಿಸಿಲು ತಂಪಿಗೆ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಉಪ್ಪುನೀರು ಇಳಿದರೆ ಪದರ ತಾನು ಉಳಿದು ಅಡಿಯ ಉಕ್ಕನ್ನು ತಿನ್ನಿಸುತ್ತದೆ. ನಿಮ್ಮ ರೆಡ್ ಆಕ್ಸೈಡ್ ಅಂಟಿದ್ದು ಅದಕ್ಕೆ, ಉಕ್ಕಿಗಲ್ಲ.

ಝಿಂಕ್ ರಿಚ್ ಒಳ್ಳೆಯ ವಸ್ತುವೇ. ಆದರೆ ಅದರ ಸತುವಿನ ಪುಡಿ ಬರಿಯ ಉಕ್ಕಿಗೆ ನೇರವಾಗಿ ತಾಗಿದರೆ ಮಾತ್ರ ಉಕ್ಕಿನ ಬದಲು ತಾನು ಸವೆದು ಕಾಯುತ್ತದೆ. ಅದಕ್ಕೆ ಬ್ಲಾಸ್ಟಿಂಗ್ ಬೇಕು. ಕೈಯಲ್ಲಿ ಕೆರೆದ ತುಕ್ಕಿನ ಮೇಲೆ ಅದನ್ನು ಬಳಿಯುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ನಿಮಗೆ ಬೇಕಾದದ್ದು ಎರಡು ಡಬ್ಬಿಯದನ್ನು ಕಲಸಿ ಬಳಿಯುವ ಎಪಾಕ್ಸಿ ಮಾಸ್ಟಿಕ್ ಎಂಬ ದಪ್ಪ ಪೇಂಟ್, ‘ಸರ್ಫೇಸ್ ಟಾಲರೆಂಟ್’ (ಕೈಯಲ್ಲಿ ಉಜ್ಜಿದ ಮೈಗೂ ಹಿಡಿಯುವಂಥದ್ದು) ಎಂದು ಕೇಳಿ ತನ್ನಿ. ಕರಿ ಆಯಿಲ್ ಮುಟ್ಟಿಸಿದರೆ ಮುಂದೆ ಯಾವ ಪೇಂಟೂ ಹಿಡಿಯುವುದಿಲ್ಲ. ಭಾವನವರಿಗೆ ಸಮಾಧಾನವಾಗಿ ಹೇಳಿ.

ಗ್ರೈಂಡರ್ ಹಿಡಿಯುವ ಮೊದಲು ನೀರು ಹಿಡಿಯಿರಿ. ಉಪ್ಪಿನ ಮೇಲೆ ಗ್ರೈಂಡರ್ ಓಡಿಸಿದರೆ ಅದನ್ನು ಉಕ್ಕಿನೊಳಗೆ ತಿಕ್ಕಿದಂತಾಯಿತು. ಕೋಡಿಬಾಗದ ಬಾವಿ ನೀರು ನಾಲಿಗೆಗೆ ಉಪ್ಪೆನಿಸಿದರೆ ನಳದ ನೀರೇ ಆಗಬೇಕು. ಆಮೇಲೆ ಗ್ರೈಂಡರಿಗೆ ಫ್ಲಾಪ್ ಡಿಸ್ಕ್ (ಉಜ್ಜುಕಾಗದದ ಎಸಳುಗಳ ಚಕ್ರ) ಹಾಕಿ ರೆಡ್ ಆಕ್ಸೈಡ್ ಪೂರ್ತಿ ತೆಗೆಯಿರಿ. ಎಪಾಕ್ಸಿಯ ಥಿನ್ನರ್ ಹಳೆಯ ಎಣ್ಣೆ ಪೇಂಟನ್ನು ಸುಕ್ಕುಗಟ್ಟಿಸಿ ಎಬ್ಬಿಸುತ್ತದೆ. ತಂತಿಯ ಬ್ರಷ್ ಒಂದನ್ನೇ ನಂಬಬೇಡಿ, ಅದು ತುಕ್ಕಿಗೆ ಹೊಳಪು ಕೊಟ್ಟು ಕಣ್ಣಿಗೆ ಮಣ್ಣೆರಚುತ್ತದೆ. ಕುಳಿಬಿದ್ದ ಕಡೆ ತಳದಲ್ಲಿ ಉಪ್ಪು ಉಳಿದಿರುತ್ತದೆ, ಅಲ್ಲಿ ಇನ್ನೊಮ್ಮೆ ತೊಳೆದು ಒಣಗಿಸಿ ಲಘುವಾಗಿ ಉಜ್ಜಿ.

ಅಂಚಿನಲ್ಲಿಯೇ ಮೊದಲು ತುಕ್ಕು ಬಂದದ್ದೇಕೆ ಎಂದರೆ, ಪೇಂಟ್ ಒಣಗುವಾಗ ಚೂಪಾದ ಅಂಚಿನಿಂದ ಹಿಂದೆ ಸರಿದು ಅಲ್ಲಿ ತೆಳುವಾಗುತ್ತದೆ. ಕತ್ತರಿಸಿದ ಅಂಚುಗಳನ್ನೆಲ್ಲ 2 ಮಿಲಿಮೀಟರ್‌ನಷ್ಟು ದುಂಡಗೆ ಮಾಡಿ. ಬೆಸುಗೆಯ ಕಿಟ್ಟ ಮತ್ತು ಸಿಡಿದ ಕಾಳುಗಳನ್ನು ಉದುರಿಸಿ. ಪೂರ್ತಿ ಬಳಿಯುವ ಮೊದಲು ಅಂಚು, ಬೆಸುಗೆ, ಬೋಲ್ಟುಗಳಿಗೆ ಮಾತ್ರ ಬ್ರಷ್‌ನಲ್ಲಿ ಒಂದು ಕೈ ಕೊಡಿ. ಗುತ್ತಿಗೆಯವರು ಹಾರಿಸುವುದು ಇದನ್ನೇ, ನಿಂತು ಮಾಡಿಸಿ.

ದೀಪಾವಳಿ ಕಳೆದ ಮೇಲೆ ಶುರುಮಾಡಿ. ಬೆಳಗಿನ ಇಬ್ಬನಿ ಪೂರ್ತಿ ಆರಲಿ; ಉಕ್ಕಿನ ಉಷ್ಣತೆ ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು, ಗಾಳಿಯ ತೇವ ಶೇಕಡ 85ರೊಳಗಿರಬೇಕು. ಒಂದು ದಿನ ಎಷ್ಟು ಕಂಬ ಉಜ್ಜುತ್ತೀರೋ ಅಷ್ಟಕ್ಕೆ ಅದೇ ದಿನ ಪೇಂಟ್ ಬೀಳಲಿ. ಉಜ್ಜಿ ಮರುದಿನಕ್ಕೆ ಬಿಟ್ಟರೆ ಕಡಲಗಾಳಿ ಮತ್ತೆ ಉಪ್ಪು ಕೂರಿಸುತ್ತದೆ.

ಕೋಡಿಬಾಗ ನಿವಾಸಿ:
ತುಂಬಾ ಉಪಕಾರವಾಯಿತು ಸರ್. ಎಷ್ಟು ದಪ್ಪ, ಎಷ್ಟು ಲೀಟರ್? ಮೇಲೆ ಎನಾಮೆಲ್ ಸಾಕೇ? ಚೌಕ ಪೈಪಿನ ಒಳಗೆ ಏನು ಮಾಡುವುದು?

ಶಿರಸಿಯಿಂದ:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಘಟ್ಟದ ಮೇಲೆ ನಮಗೆ ಉಪ್ಪಿನ ಕಾಟವಿಲ್ಲ. ಆದರೆ ಜೀಪಿನ ಶೆಡ್ಡಿನಲ್ಲಿಯೇ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದ ಡ್ರಮ್ಮು ಇಡುತ್ತೇವೆ. ಅದರ ಪಕ್ಕದ ಕಂಬ ಮಾತ್ರ ಬುಡದಲ್ಲಿ ತಿಂದು ಹೋಗಿದೆ. ಶೆಡ್ಡು ಅಜ್ಜನ ಕಾಲದ್ದು, ಹಳೆಯ ಪೇಂಟ್ ದಪ್ಪಗಿದೆ.

ಬೈತಖೋಲ್ ಹಳಬ:
ಶಿರಸಿಯವರೇ, ಬೋರ್ಡೋದಲ್ಲಿರುವ ಮೈಲುತುತ್ತದ ನೀರು ಕಬ್ಬಿಣಕ್ಕೆ ಸಿಡಿದರೆ ತಾಮ್ರ ಅದರ ಮೇಲೆ ಕೂರುತ್ತದೆ, ಕಬ್ಬಿಣ ಕರಗುತ್ತದೆ. ಡ್ರಮ್ಮನ್ನು ಮೊದಲು ಹೊರಗೆ ಸಾಗಿಸಿ. ಅಷ್ಟು ಹಳೆಯ ಪೇಂಟಿನಲ್ಲಿ ಸೀಸ ಇರಬಹುದು. ಮನೆ ಬಳಕೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮೀರಬಾರದು ಎಂದು ನಿಯಮ ಬಂದದ್ದೇ 2016ರಲ್ಲಿ. ಒಣ ಗ್ರೈಂಡಿಂಗ್ ಬೇಡ, ಒದ್ದೆ ಮಾಡಿ ಕೆರೆಯಿರಿ, ಮಕ್ಕಳು ಹತ್ತಿರ ಸುಳಿಯದಿರಲಿ.

ಕೋಡಿಬಾಗದವರಿಗೆ: ಉಕ್ಕಿಗೆ ಪೇಂಟ್ ಮಾಡುವ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 12944ರಲ್ಲಿ ಸಿ5 ಎಂಬ ವರ್ಗವಿದೆ, ತೆರೆದ ಉಕ್ಕು ಮೊದಲ ವರ್ಷವೇ 80ರಿಂದ 200 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಸವೆಯುವ ಜಾಗ. ನಿಮ್ಮ ಅಂಗಳವನ್ನು ಅದರಲ್ಲಿಯೇ ಸೇರಿಸಿ ಲೆಕ್ಕ ಹಾಕೋಣ. ಮಾಸ್ಟಿಕ್ ಎರಡು ಕೈ, ಒಣಗಿದ ಮೇಲೆ ತಲಾ 120 ಮೈಕ್ರಾನ್. ಆ ಐ-ಸೆಕ್ಷನ್ ಮೀಟರಿಗೆ ಸುಮಾರು 0.8 ಚದರ ಮೀಟರ್ ಮೈ ಹೊಂದಿರುತ್ತದೆ. ಕಂಬ, ಬೀಮು, ಪೈಪು ಸೇರಿ 24 ಚದರ ಮೀಟರ್ ಎಂದುಕೊಳ್ಳಿ. ಡಬ್ಬಿಯಲ್ಲಿ ಘನಾಂಶ (ಒಣಗಿದ ಮೇಲೆ ಉಳಿಯುವ ಪಾಲು) ಶೇಕಡ 80 ಎಂದಿದ್ದರೆ ಲೀಟರಿಗೆ ಆರೂವರೆ ಚದರ ಮೀಟರ್ ಬರುತ್ತದೆ. ಎರಡು ಕೈಗೆ ಏಳೂವರೆ ಲೀಟರ್, ಬ್ರಷ್ಷು ಬಕೆಟ್ಟಿಗೆ ಹೋಗುವುದು ಸೇರಿ ಒಂಬತ್ತು ತನ್ನಿ. ಥಿನ್ನರ್ ಸುರಿದು ಹಿಗ್ಗಿಸಿದರೆ ಈ ಲೆಕ್ಕವೆಲ್ಲ ಸುಳ್ಳಾಗುತ್ತದೆ.

ಎರಡು ಡಬ್ಬಿಗಳ ಪ್ರಮಾಣ ಕಣ್ಣಳತೆಯಲ್ಲಿ ಬೇಡ. ಸೆಕೆಗೆ ಬೇಗ ಗಟ್ಟಿಯಾಗುತ್ತದೆ, ಸ್ವಲ್ಪ ಸ್ವಲ್ಪವೇ ಕಲಸಿ. ಎಪಾಕ್ಸಿ ಬಿಸಿಲಿಗೆ ಸುಣ್ಣದಂತೆ ಪುಡಿಯಾಗುವುದರಿಂದ ಬಿಸಿಲು ಬೀಳುವ ಕಂಬಗಳಿಗೆ ಪಾಲಿಯುರೆಥೇನ್ ಮೇಲ್ಪದರ ಬೇಕು, ಎನಾಮೆಲ್ ಸಾಲದು. ಅದನ್ನು ಸ್ಪ್ರೇ ಮಾಡಿಸಬೇಡಿ, ಗಟ್ಟಿಕಾರಕದ ಐಸೊಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು. ಬ್ರಷ್ ಸಾಕು, ಗಾಳಿಯಾಡಲಿ.

ಪೈಪಿನ ಒಳಗೆ ಏನೂ ಬಳಿಯುವುದು ಬೇಡ. ತುದಿಗಳಿಗೆ ತಗಡಿನ ಮುಚ್ಚಳ ಇಟ್ಟು ಸುತ್ತಲೂ ಬೆಸುಗೆ ಹಾಕಿಸಿ. ಕಂಬದ ಬುಡದಲ್ಲಿ ನೀರು ನಿಲ್ಲದಂತೆ ಕಾಂಕ್ರೀಟನ್ನು ಹೊರಗೆ ಇಳಿಜಾರು ಮಾಡಿಸಿ; ಕೆಂಪು ಮಣ್ಣು ಸಿಡಿದು ಕೂರುವ ಆ ಒಂದು ಅಡಿಗೆ ಮಾಸ್ಟಿಕ್ ಇನ್ನೊಂದು ಕೈ ಹೆಚ್ಚು ಹೊಡೆಯಿರಿ.

ಕೋಡಿಬಾಗ ನಿವಾಸಿ:
ಬಾವಿ ನೀರು ಈಗಷ್ಟೇ ಬಾಯಿಗೆ ಹಾಕಿ ನೋಡಿದೆ. ಉಪ್ಪೇ. ನಳಕ್ಕೆ ಉದ್ದದ ಪೈಪು ತರಬೇಕು.