ಜಾಝ್ ಬಾಸ್‌ನ ಎರಡು ಪಿಕಪ್‌ಗಳಿಂದ ದಪ್ಪ ನಾದ ಪಡೆಯುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಮೈಸೂರಿನ ಒಂದು ವಾದ್ಯಗೋಷ್ಠಿಯಲ್ಲಿ ಬಾಸ್ ಗಿಟಾರ್ ನುಡಿಸುತ್ತೇನೆ. ನನ್ನಲ್ಲಿರುವುದು ಎರಡು ಸಿಂಗಲ್ ಕಾಯಿಲ್ ಪಿಕಪ್, ಎರಡು ವಾಲ್ಯೂಮ್ ಹಾಗೂ ಒಂದು ಟೋನ್ ಇರುವ ಜಾಝ್ ಬಾಸ್ ಮಾದರಿಯ ವಾದ್ಯ. ಎರಡೂ ವಾಲ್ಯೂಮ್‌ಗಳನ್ನು ಪೂರ್ತಿ ತೆರೆದಾಗ ನಾದ ಸ್ಪಷ್ಟವಾಗಿದ್ದರೂ ನಡುವೆ ಟೊಳ್ಳೆನಿಸುತ್ತದೆ, ಡ್ರಮ್ಸ್ ಮತ್ತು ಕೀಬೋರ್ಡ್ ಸೇರಿದೊಡನೆ ಕಳೆದುಹೋಗುತ್ತದೆ. ಪ್ರಿಸಿಷನ್ ಬಾಸ್‌ನಂತಹ (ಇನ್ನೊಂದು ಮಾದರಿಯ ಬಾಸ್) ದಪ್ಪ ನಾದ ಬೇಕು. ಹೊಸ ಪಿಕಪ್ ಕೊಳ್ಳಬೇಕೇ, ಅಥವಾ ವೈರಿಂಗ್ ಬದಲಿಸಿದರೆ ಸಾಕೇ?

ಉತ್ತರ: ನಮಸ್ಕಾರ. ಪಿಕಪ್ ಕೊಳ್ಳುವ ಅಗತ್ಯವಿಲ್ಲ. ಮೊದಲು, ಖರ್ಚಿಲ್ಲದ ಒಂದು ಪ್ರಯೋಗ ಮಾಡಿ: ನೆಕ್ (ಕತ್ತಿನ ಕಡೆಯ) ಪಿಕಪ್ಪನ್ನು ಪೂರ್ತಿ ಇಟ್ಟು, ಬ್ರಿಜ್ (ತಂತಿಗಳ ಬುಡದ ಕಡೆಯ) ಪಿಕಪ್ಪಿನ ವಾಲ್ಯೂಮನ್ನು ತುಸುವೇ ಇಳಿಸಿ ನುಡಿಸಿ. ಎರಡು ಪಿಕಪ್‌ಗಳು ಒಂದೇ ತಂತಿಯ ಕಂಪನವನ್ನು ಎರಡು ಸ್ಥಳಗಳಲ್ಲಿ ಹಿಡಿಯುವುದರಿಂದ, ಎರಡೂ ಸಮನಾಗಿ ಕೂಡಿದಾಗ ಕೆಲವು ಮೇಲ್‌ಸ್ವರಗಳು ಒಂದನ್ನೊಂದು ಅಳಿಸಿಹಾಕುತ್ತವೆ; ನಿಮಗೆ ಕೇಳಿಸುತ್ತಿರುವ ಟೊಳ್ಳು ಅದೇ. ಒಂದನ್ನು ಇಳಿಸಿದರೆ ನಡುವಿನ ತುಂಬುತನ ಮರಳುತ್ತದೆ. ಆದರೆ ಇದಕ್ಕೊಂದು ಬೆಲೆಯಿದೆ. ಈ ಮಾದರಿಯ ಬಹುತೇಕ ವಾದ್ಯಗಳಲ್ಲಿ ಒಂದು ಪಿಕಪ್ಪಿನ ಸುತ್ತು ಮತ್ತು ಅಯಸ್ಕಾಂತ ಎರಡೂ ಇನ್ನೊಂದಕ್ಕೆ ತಿರುವುಮುರುವಾಗಿರುತ್ತವೆ, ಹಾಗಾಗಿ ಎರಡೂ ಸಮನಾಗಿದ್ದಾಗ ಮಾತ್ರ ಗುಂಯ್ ಎನ್ನುವ ಹಮ್ ಪೂರ್ತಿ ಅಳಿಯುತ್ತದೆ. ಹಮ್ ಬರುವುದು ಕರೆಂಟಿನಿಂದ; ನಮ್ಮ ದೇಶದ ಕರೆಂಟು 50 ಹರ್ಟ್ಸ್, ಬಾಸ್‌ನ ದಪ್ಪ ತಂತಿಯ ಮೂರನೆಯ ಫ್ರೆಟ್‌ನ ಜಿ ಸ್ವರ 49 ಹರ್ಟ್ಸ್. ಸೀರಿಯಲ್ ಬಲ್ಬ್ ಹಾಕಿದ ಗಣೇಶೋತ್ಸವದ ವೇದಿಕೆಗಳಲ್ಲಿ ಈ ನೆರೆಹೊರೆ ಸಾಕಷ್ಟು ಕಾಡುತ್ತದೆ.

ನೀವು ಕೇಳುತ್ತಿರುವ ನಾದಕ್ಕೆ ಸರಿಯಾದ ದಾರಿ ಪಿಕಪ್‌ಗಳನ್ನು ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೊಂದರಂತೆ, ಜೋಡಿಸುವುದು. 1960ರಲ್ಲಿ ಬಂದಾಗಿನಿಂದಲೂ ಜಾಝ್ ಬಾಸ್‌ನ ಪಿಕಪ್‌ಗಳು ಪ್ಯಾರಲಲ್‌ನಲ್ಲಿ, ಅಂದರೆ ಅಕ್ಕಪಕ್ಕ ಸಮಾನಾಂತರವಾಗಿ, ಇರುತ್ತವೆ. 1957ರ ನಂತರದ ಪ್ರಿಸಿಷನ್ ಬಾಸ್‌ನ ಇಬ್ಭಾಗದ ಪಿಕಪ್ಪಿನಲ್ಲಾದರೋ ಎರಡು ಕಾಯಿಲ್‌ಗಳು ಸೀರೀಸ್‌ನಲ್ಲಿವೆ. ಸೀರೀಸ್‌ನಲ್ಲಿ ಇಂಡಕ್ಟೆನ್ಸ್ (ವಿದ್ಯುತ್ತಿನ ಏರಿಳಿತವನ್ನು ತಡೆಯುವ ಕಾಯಿಲ್‌ನ ಗುಣ) ಕೂಡಿಕೊಳ್ಳುವುದರಿಂದ ಪಿಕಪ್ಪಿನ ಅನುರಣನ ಕೆಳಗಿನ ಆವರ್ತನಕ್ಕೆ ಇಳಿಯುತ್ತದೆ, ತೀರ ಮೇಲಿನ ಚುರುಕು ತಗ್ಗುತ್ತದೆ, ಸದ್ದು ಹೆಚ್ಚುತ್ತದೆ. ಪಿಕಪ್‌ಗಳ ಸ್ಥಾನ ಬೇರೆಯಾದ್ದರಿಂದ ಅದು ಪ್ರಿಸಿಷನ್‌ನ ಪಡಿಯಚ್ಚಾಗದು, ಆದರೂ ಗುಂಪಿನಲ್ಲಿ ಕಳೆದುಹೋಗದಷ್ಟು ತೂಕ ಖಂಡಿತ ಬರುತ್ತದೆ.

ಮರುಪ್ರಶ್ನೆ: ಧನ್ಯವಾದ ಸರ್. ಈಗಿನ ನಾದವೂ ನನಗೆ ಬೇಕು. ಮರದಲ್ಲಿ ತೂತು ಕೊರೆಯದೆ ಎರಡನ್ನೂ ಇಟ್ಟುಕೊಳ್ಳಬಹುದೇ?

ಉತ್ತರ: ಖಂಡಿತ. ನೆಕ್ ವಾಲ್ಯೂಮಿನ ಜಾಗದಲ್ಲಿ 250 ಕಿಲೋ ಓಮ್‌ನ ಪುಶ್‌ಪುಲ್ ಪಾಟ್ (ಒತ್ತಿ ಎಳೆಯುವ ಸ್ವಿಚ್ ಇರುವ ವಾಲ್ಯೂಮ್ ನಿಯಂತ್ರಕ) ಹಾಕಿ; ಕೊಳ್ಳುವ ಮುನ್ನ ಗುಳಿಯ ಆಳವನ್ನು ಅಳೆಯಿರಿ, ಏಕೆಂದರೆ ಅದು ಮಾಮೂಲಿ ಪಾಟ್‌ಗಿಂತ ಉದ್ದ. ಅದರ ಅಡಿಯಲ್ಲಿ ಮೂರು ಮೂರು ಕಾಲುಗಳ ಎರಡು ಸಾಲುಗಳ ಸ್ವಿಚ್ ಇರುತ್ತದೆ. ಗುಬ್ಬಿ (ನಾಬ್) ಒತ್ತಿದಾಗ ನಡುವಿನ ಕಾಲು ಯಾವ ಕಾಲಿಗೆ ಸೇರುತ್ತದೆ, ಎಳೆದಾಗ ಯಾವುದಕ್ಕೆ ಎಂಬುದನ್ನು ಮಲ್ಟಿಮೀಟರಿನ ಬೀಪ್‌ನಿಂದ ನೋಡಿಕೊಂಡೇ ಮುಂದುವರಿಯಿರಿ.

ನೆಕ್ ಪಿಕಪ್ಪಿನ ಗ್ರೌಂಡ್ ವೈರನ್ನು ಪಾಟ್‌ನ ಬೆನ್ನಿನಿಂದ ಬಿಡಿಸಿ ಒಂದನೆಯ ಸಾಲಿನ ನಡುವಿನ ಕಾಲಿಗೆ, ಬ್ರಿಜ್ ಪಿಕಪ್ಪಿನ ಹಾಟ್ (ಸಂಕೇತ ಒಯ್ಯುವ) ವೈರನ್ನು ಅದರ ವಾಲ್ಯೂಮಿನಿಂದ ಬಿಡಿಸಿ ಎರಡನೆಯ ಸಾಲಿನ ನಡುವಿನ ಕಾಲಿಗೆ ಬೆಸುಗೆ ಹಾಕಿ. ಒತ್ತಿದಾಗ ಸೇರುವ ಕಾಲುಗಳ ಪೈಕಿ ಒಂದನೆಯದನ್ನು ಗ್ರೌಂಡಿಗೂ, ಎರಡನೆಯದನ್ನು ಬ್ರಿಜ್ ವಾಲ್ಯೂಮಿನಲ್ಲಿ ಆ ವೈರ್ ಮೊದಲಿದ್ದ ಕಾಲಿಗೂ ಜೋಡಿಸಿ. ಎಳೆದಾಗ ಸೇರುವ ಎರಡು ಕಾಲುಗಳನ್ನು ಒಂದು ತುಂಡು ವೈರಿನಿಂದ ಪರಸ್ಪರ ಸೇರಿಸಿದರೆ ಮುಗಿಯಿತು. ನೆಕ್ ಪಿಕಪ್ಪಿನ ಹಾಟ್ ವೈರ್, ಬ್ರಿಜ್ ಪಿಕಪ್ಪಿನ ಗ್ರೌಂಡ್ ಹಾಗೂ ತಂತಿಗಳ ಕೆಳಗಿನ ಬ್ರಿಜ್‌ಗೆ ಹೋಗುವ ಗ್ರೌಂಡ್ ವೈರ್ ಮೊದಲಿದ್ದಂತೆಯೇ ಇರಲಿ. ಗುಬ್ಬಿ ಎಳೆದಾಗ ನೆಕ್ ವಾಲ್ಯೂಮೇ ಎರಡಕ್ಕೂ ಯಜಮಾನ. ಬ್ರಿಜ್ ವಾಲ್ಯೂಮನ್ನು ಪೂರ್ತಿ ತೆರೆದೇ ಇಡಿ.

ಮುಚ್ಚುವ ಮುನ್ನ ಕೇಬಲ್ ಸಿಕ್ಕಿಸಿ, ಎರಡೂ ವಾಲ್ಯೂಮ್ ತೆರೆದು, ಕೇಬಲ್ಲಿನ ಇನ್ನೊಂದು ತುದಿಯಲ್ಲಿ ಓಮ್ಸ್ ಅಳೆಯಿರಿ. ಪ್ರತಿ ಪಿಕಪ್ 7.5 ಕಿಲೋ ಓಮ್ ಇದ್ದರೆ, ಒತ್ತಿದಾಗ ಸುಮಾರು 3.6, ಎಳೆದಾಗ ಸುಮಾರು 13.4 ಕಿಲೋ ಓಮ್ ಬರಬೇಕು. ಕೂಡಿದರೆ 15 ಆಗಬೇಕಲ್ಲವೇ ಎನ್ನಬೇಡಿ, ಎರಡು ಪಾಟ್‌ಗಳ ಓಮ್ಸ್ ಅದನ್ನು ಅಷ್ಟು ಕೆಳಗೆಳೆಯುತ್ತದೆ. 13ರ ಬದಲು 7ರ ಆಸುಪಾಸು ತೋರಿಸಿ ನೆಕ್ ಪಿಕಪ್ ಮಾತ್ರ ನುಡಿದರೆ, ಸೇರಿಸಿದ ಆ ತುಂಡು ವೈರ್ ಎಲ್ಲೋ ತಾಮ್ರದ ಶೀಲ್ಡಿಂಗ್ ಹಾಳೆಗೆ ತಾಗುತ್ತಿದೆ ಎಂದರ್ಥ. ಬೆಸುಗೆಗಳಿಗೆ ಸ್ಲೀವ್ ಹಾಕಿ. ಬೇರೆ ಬೇರೆ ಕಂಪನಿಯ ಪಿಕಪ್‌ಗಳನ್ನು ಕೂಡಿಸಿದ ವಾದ್ಯದಲ್ಲಿ ಎರಡೂ ತೆರೆದಾಗ ತಳದ ಸ್ವರಗಳೇ ಮಾಯವಾದರೆ ಅವು ಎದುರು ಫೇಸ್‌ನಲ್ಲಿವೆ, ಅಂದರೆ ಒಂದರ ಸಂಕೇತ ಏರಿದಾಗ ಇನ್ನೊಂದರದು ಇಳಿಯುತ್ತಿದೆ; ಒಂದರ ಎರಡು ವೈರ್‌ಗಳನ್ನು ಅದಲುಬದಲು ಮಾಡಿ. ಲೀಡ್ ಗಿಟಾರಿನವರು ಆ ತೆಳು ನಾದವನ್ನು ಬೇಕೆಂದೇ ಇಟ್ಟುಕೊಳ್ಳುವುದುಂಟು, ಬಾಸ್‌ಗೆ ಅದು ನಿರುಪಯೋಗಿ ಎಂಬುದು ನನ್ನ ಅಭಿಪ್ರಾಯ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಸರ್, ಟೋನ್ ಕಪ್ಯಾಸಿಟರ್ ಬದಲಿಸಿಯೇ ಈ ದಪ್ಪ ನಾದ ಪಡೆಯಬಹುದೆಂದು ಕೇಳಿದ್ದೇನೆ. ಅಲ್ಲದೆ ನನ್ನ ಬಾಸ್‌ನಲ್ಲಿ ಬ್ಯಾಟರಿಯಿಂದ ನಡೆಯುವ ಇಎಂಜಿ ಪಿಕಪ್‌ಗಳಿವೆ. ಅವಕ್ಕೂ ಇದೇ ವೈರಿಂಗ್ ಆಗುತ್ತದೆಯೇ?

ಉತ್ತರ: ಕಪ್ಯಾಸಿಟರ್ ಬದಲಾವಣೆ ಮುಖ್ಯವಾಗಿ ಟೋನ್ ಗುಬ್ಬಿ ತಿರುಗಿಸಿ ಇಳಿಸಿದಾಗ ಕೇಳಿಸುತ್ತದೆ. ಸಾಮಾನ್ಯವಾಗಿರುವ 0.047 ಮೈಕ್ರೋ ಫ್ಯಾರಡ್ ಬದಲು 0.1 ಹಾಕಿದರೆ ನಾದ ಇನ್ನಷ್ಟು ಮಂಕಾಗುತ್ತದೆಯೇ ಹೊರತು ತೂಕ ಬರುವುದಿಲ್ಲ. ಒಂದೇ ಮೌಲ್ಯದ ದುಬಾರಿ ಕಪ್ಯಾಸಿಟರಿಗೆ ಹಣ ಸುರಿಯಬೇಡಿ. ಇಎಂಜಿ ಆಕ್ಟಿವ್ ಪಿಕಪ್‌ಗಳ ಒಳಗೇ ಪ್ರಿಆಂಪ್ (ಸಂಕೇತವನ್ನು ಮೊದಲೇ ವರ್ಧಿಸುವ ಸರ್ಕಿಟ್) ಇರುವುದರಿಂದ ಅವನ್ನು ಹೀಗೆ ಸೀರೀಸ್ ಮಾಡಲಾಗದು, ಅವುಗಳ ಪಾಟ್‌ಗಳೂ 25 ಕಿಲೋ ಓಮ್‌ನವು. ಆದರೆ ಬ್ಯಾಟರಿ ಕಂಡ ಮಾತ್ರಕ್ಕೆ ಹಿಂಜರಿಯಬೇಕಿಲ್ಲ: 1976ರ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇಯಲ್ಲಿ ಬ್ಯಾಟರಿ ಇರುವುದು ಪ್ರತ್ಯೇಕ ಪ್ರಿಆಂಪ್‌ಗೆ, ಪಿಕಪ್ಪಿನ ಎರಡು ಕಾಯಿಲ್‌ಗಳು ಪ್ಯಾರಲಲ್‌ನಲ್ಲಿರುವ ಮಾಮೂಲಿ ಕಾಯಿಲ್‌ಗಳೇ. ಅಂತಹ ವಾದ್ಯದಲ್ಲಿ ಎರಡೂ ಕಾಯಿಲ್‌ಗಳ ನಾಲ್ಕು ವೈರ್ ಹೊರಗೆ ಬಂದಿದ್ದರೆ ಪ್ರಿಆಂಪ್‌ಗೆ ಮೊದಲೇ ಒಂದು ಚಿಕ್ಕ ಡಿಪಿಡಿಟಿ ಸ್ವಿಚ್ (ಮೇಲೆ ಹೇಳಿದಂತಹ ಎರಡು ಸಾಲುಗಳ ಸ್ವಿಚ್) ಹಾಕಿ ಸೀರೀಸ್ ಮಾಡಿಕೊಳ್ಳಬಹುದು. ಆ ಸ್ವಿಚ್ ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ.