ಹ್ಯಾಮ್ ಪರೀಕ್ಷೆಗೆ ವಿಜ್ಞಾನ ಓದದವರು ಎಷ್ಟು ಕಲಿಯಬೇಕು?

ಮೂಡಿಗೆರೆಯಿಂದ ‘ಕಾಫಿಗಿಡ’:
ಮಾನ್ಯರೇ, ಮಳೆಗಾಲದಲ್ಲಿ ಕರೆಂಟೂ ಮೊಬೈಲ್ ಸಿಗ್ನಲ್ಲೂ ಒಟ್ಟಿಗೇ ಹೋಗುವ ನಮ್ಮ ಊರಿಗೆ ಹವ್ಯಾಸಿ ರೇಡಿಯೋ, ಅಂದರೆ ಹ್ಯಾಮ್, ಉಪಯೋಗಕ್ಕೆ ಬಂದೀತೆಂದು ಅದರ ಪರವಾನಗಿಯ ಪರೀಕ್ಷೆಗೆ ಕೂರಬೇಕೆಂದಿದ್ದೇನೆ. ಓದಿದ್ದು ಬಿ.ಕಾಂ. ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿದರೆ ಸಾಕೇ?

ಹಾಸನದಿಂದ ‘ತಂತಿಕಂಬ’:
ಹನ್ನೆರಡು ವರ್ಷದ ಮಕ್ಕಳೂ ಬರೆಯಬಹುದಾದ ಪರೀಕ್ಷೆ ಇದು, ಹೆದರಬೇಡಿ. ಆದರೆ ಬಾಯಿಪಾಠದ ಜ್ಞಾನ ಆಂಟೆನಾ ಕಟ್ಟುವ ದಿನ ಕೈಕೊಡುತ್ತದೆ. ಓಮ್‌ನ ನಿಯಮ, ವಿದ್ಯುತ್ ಶಕ್ತಿಯ ಲೆಕ್ಕ, ಕೆಪಾಸಿಟರ್ ಮತ್ತು ಕಾಯಿಲ್‌ಗಳ ಕೆಲಸ, ಆವರ್ತನಕ್ಕೂ ತರಂಗದ ಉದ್ದಕ್ಕೂ ಇರುವ ಸಂಬಂಧ, ಇಷ್ಟನ್ನು ಅರ್ಥ ಮಾಡಿಕೊಳ್ಳಿ. 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ತರಂಗದ ಉದ್ದ ಮೀಟರಿನಲ್ಲಿ ಸಿಗುತ್ತದೆ. 7.1 ಮೆಗಾಹರ್ಟ್ಸ್‌ಗೆ ಅದು ಸುಮಾರು 42 ಮೀಟರ್; ಅದರ ಅರ್ಧದಲ್ಲಿ ಶೇಕಡಾ 5ರಷ್ಟು ಕಳೆದರೆ ನಡುವೆ ಕೇಬಲ್ ಜೋಡಿಸುವ ಎರಡು ತೋಳಿನ ಡೈಪೋಲ್ ಆಂಟೆನಾಕ್ಕೆ ಬೇಕಾದ ತಂತಿ ಹೆಚ್ಚುಕಡಿಮೆ 20 ಮೀಟರ್. ಬಿ.ಕಾಂ.ನವರಿಗೆ ಈ ಲೆಕ್ಕ ಯಾವ ಲೆಕ್ಕ!

ಚಿಕ್ಕಮಗಳೂರಿನಿಂದ ‘ಗಿರಿಶ್ರೇಣಿ’:
ತರಂಗ ಪ್ರಸರಣದ ಪಾಠವನ್ನು ನಮ್ಮ ಜಿಲ್ಲೆಯವರು ಬಿಡಲೇಬಾರದು. ಕೈಯಲ್ಲಿ ಹಿಡಿಯುವ ಸೆಟ್‌ಗಳು ಬಳಸುವ 144 ಮೆಗಾಹರ್ಟ್ಸ್‌ನ ತರಂಗಗಳು ಬಹುಮಟ್ಟಿಗೆ ನೇರವಾಗಿ ಸಾಗುವುದರಿಂದ, ನಡುವೆ ಮುಳ್ಳಯ್ಯನಗಿರಿಯಂಥ ಬೆಟ್ಟ ನಿಂತರೆ ಆಚೆಯವರಿಗೆ ಕೇಳಿಸುವುದು ಕಷ್ಟ. ಬಂದ ಸಿಗ್ನಲನ್ನು ಹಿಡಿದು ಮತ್ತೆ ಪ್ರಸಾರ ಮಾಡುವ ರಿಪೀಟರ್ ಒಂದು ಎತ್ತರದಲ್ಲಿ ಇದ್ದರೆ ಆ ಮಾತು ಬೇರೆ. 7 ಮೆಗಾಹರ್ಟ್ಸ್‌ನಲ್ಲಾದರೋ, ನೆಲದಿಂದ ಹೆಚ್ಚು ಎತ್ತರವಿಲ್ಲದೆ ಕಟ್ಟಿದ ಡೈಪೋಲ್‌ನಿಂದ ಮೇಲಕ್ಕೆ ಹೋದ ತರಂಗ, ವಾತಾವರಣದ ಮೇಲ್ಭಾಗದ ವಿದ್ಯುದಂಶವುಳ್ಳ ಪದರಗಳಾದ ಅಯಾನುಗೋಳದಿಂದ ಹಿಂದಿರುಗಿ, ಬೆಟ್ಟದ ಆಚೆ ಈಚೆ ಎರಡೂ ಕಡೆ ಇಳಿಯಬಲ್ಲದು. ಹಗಲು ರಾತ್ರಿಗಳ ವ್ಯತ್ಯಾಸವೂ ಇಲ್ಲಿಯೇ ಬರುತ್ತದೆ: ಅಯಾನುಗೋಳದ ಕೆಳಗಿನ ಡಿ ಪದರ ಹಗಲಿನಲ್ಲಿ ತರಂಗವನ್ನು ಹೀರುತ್ತದೆ, ಸೂರ್ಯ ಮುಳುಗಿದ ಮೇಲೆ ಬಹುತೇಕ ಕರಗುತ್ತದೆ; ಆಗ ದೂರದ ಸಂಪರ್ಕ ಸುಲಭ.

ಹಾಸನದಿಂದ ‘ತಂತಿಕಂಬ’:
ನಿಯಮಗಳ ಭಾಗವನ್ನು ಹಗುರವಾಗಿ ಕಾಣುವವರೇ ಹೆಚ್ಚು. ಪರೀಕ್ಷೆ ಪಾಸಾದ ಮಾತ್ರಕ್ಕೆ ಪ್ರಸಾರ ಮಾಡುವಂತಿಲ್ಲ. ಪರವಾನಗಿಯೂ, ನಿಮ್ಮ ನಿಲ್ದಾಣವನ್ನು ಗುರುತಿಸುವ ಕರೆಸಂಕೇತವೂ ಕೈಸೇರಬೇಕು. ವ್ಯಾಪಾರದ ಮಾತು ನಿಷಿದ್ಧ, ಆದ್ದರಿಂದ ಕಾಫಿ ಬೀಜದ ಚೌಕಾಸಿಯನ್ನು ಫೋನಿಗೇ ಬಿಡಿ. ಕ್ಯೂ ಅಕ್ಷರದಿಂದ ಶುರುವಾಗುವ ಮೂರಕ್ಷರದ ಚುಟುಕು ಸಂಕೇತಗಳಾದ ಕ್ಯೂ ಸಂಕೇತಗಳನ್ನು ಮಾತ್ರ ಬಾಯಿಪಾಠ ಮಾಡಲೇಬೇಕು: ಬೇರೆ ನಿಲ್ದಾಣಗಳ ಅಡಚಣೆ ಕ್ಯೂಆರ್‌ಎಂ, ಸಿಡಿಲಿನಂಥ ನಿಸರ್ಗದ ಗದ್ದಲ ಕ್ಯೂಆರ್‌ಎನ್. ಎರಡನೆಯದು ನಿಮ್ಮೂರಿನಲ್ಲಿ ಬೇಕಾದಷ್ಟು ಸಿಗುತ್ತದೆ.

ಮೂಡಿಗೆರೆಯಿಂದ ‘ಕಾಫಿಗಿಡ’:
ಉಪಕಾರವಾಯಿತು. ತೋಟದ ಎರಡು ಸಿಲ್ವರ್ ಮರಗಳ ನಡುವೆ ಆ 20 ಮೀಟರ್ ತಂತಿಯನ್ನು ಕಟ್ಟಬಹುದೇ?

ಚಿಕ್ಕಮಗಳೂರಿನಿಂದ ‘ಗಿರಿಶ್ರೇಣಿ’:
ಧಾರಾಳವಾಗಿ ಕಟ್ಟಿ. ಗಾಳಿಗೆ ಮರ ತೂಗಿದಾಗ ತಂತಿ ಹರಿಯದಂತೆ ಸ್ವಲ್ಪ ಸಡಿಲ ಬಿಡಿ, ಕರೆಂಟಿನ ಲೈನಿನಿಂದ ದೂರವಿರಿಸಿ, ಗುಡುಗು ಕೇಳುವ ಮೊದಲೇ ಕೇಬಲನ್ನು ಸೆಟ್‌ನಿಂದ ಬಿಚ್ಚಿ ಮನೆಯ ಹೊರಗೆ ಹಾಕಿ.